ಮೂರೂರನ್ನು ಊಟಕ್ಕೆ ಕರೆದ ಇನ್ನೊಬ್ಬ ನೀಲಾ

ಫೋನಿನಲ್ಲಿ ಮಾತಾಡುವ ವಿದ್ಯೆಯಲ್ಲಿ ನನ್ನನ್ನು ಮೀರಿಸಿದವರಿಲ್ಲ. ಇದನ್ನು ನಾನೇ ಹೇಳಿಕೊಳ್ಳಬಾರದು, ಖರೆ. ಆದರೆ ಇಷ್ಟು ವರ್ಷ ಕಾದರೂ ಬೇರೆ ಯಾರೂ ಹೇಳಲಿಲ್ಲವಾದ್ದರಿಂದ ನಾನೇ ಹೇಳುತ್ತಿದ್ದೇನೆ.

ಇಂಡಿಯಲ್ಲಿ ನನ್ನ ಅಕ್ಕ ಇದ್ದಾಳೆ. ಮುದ್ದೇಬಿಹಾಳದಲ್ಲಿ ನಾದಿನಿ. ಬಸವನ ಬಾಗೇವಾಡಿಯಲ್ಲಿ ನನ್ನ ಸೋದರಮಾವ, ಎಂಬತ್ತು ದಾಟಿದ ನಿವೃತ್ತ ಪೋಸ್ಟ್ ಮಾಸ್ತರರು. ನಡುವೆ ಸಿಂದಗಿಯಲ್ಲಿ ನಾನು. ಈ ನಾಲ್ಕು ಊರಿನ ಸಂಬಂಧ ಇನ್ನೂ ಹರಿಯದೆ ಉಳಿದಿದ್ದರೆ, ದಿನಾ ಸಂಜೆ ಎರಡು ತಾಸು ನಾನು ನಾಲಿಗೆ ಸವೆಸಿದ್ದರಿಂದ. ಏನು ಅಡುಗೆ, ಯಾರಿಗೆ ನೆಗಡಿ, ತೊಗರಿ ಹೂ ಬಿಟ್ಟಿತೋ ಇಲ್ಲವೋ, ಎಲ್ಲ ವಿಚಾರಿಸಿ ಕೊನೆಗೆ "ಬರ್ರಿ ಮತ್ತ, ನಾಕ ದಿನ ಇದ್ದು ಹೋಗೀರಂತ" ಎಂದು ಹೇಳಿಯೇ ಫೋನ್ ಇಡುತ್ತೇನೆ. ಅದಕ್ಕೆ ಅವರು "ಬರೂಣಂತ ತಗೋರಿ" ಎನ್ನುತ್ತಾರೆ. ಯಾರೂ ಬರುವುದಿಲ್ಲ. ಬರಬಾರದು ಕೂಡ. ದಿನ, ವಾರ ಹೇಳಿ ಕರೆದರೆ ಮಾತ್ರ ನಮ್ಮಲ್ಲಿ ಅದು ಕರೆ. ಉಳಿದದ್ದು ಫೋನ್ ಇಡುವ ರೀತಿ, ಅಷ್ಟೇ. ಇದು ನಮ್ಮ ಕಡೆ ತೊಟ್ಟಿಲ ಕೂಸಿಗೂ ಗೊತ್ತು.

ನಾನು ದೇವರ ಹಿಪ್ಪರಗಿ ಸಮೀಪದ ಹಳ್ಳಿಯೊಂದರ ಸಾಲಿಯಲ್ಲಿ ಅಕ್ಕೋರು. ಇಪ್ಪತ್ತೆರಡು ವರ್ಷದಿಂದ ಮಕ್ಕಳಿಗೆ "ಹಿರಿಯರ ಜೋಡಿ ಹ್ಯಾಂಗ ಮಾತಾಡಬೇಕು" ಎಂದು ಕಲಿಸುತ್ತ ಬಂದಿದ್ದೇನೆ. ನನ್ನ ಗಂಡನಿಗೆ ಬಸ್ ಸ್ಟ್ಯಾಂಡ್ ರಸ್ತೆಯಲ್ಲಿ ಪಂಪ್‌ಸೆಟ್ ಮೋಟಾರು ಸುತ್ತುವ ಅಂಗಡಿ. ಅವರು ದಿನಕ್ಕೆ ಮೂರು ಮಾತು ಆಡುತ್ತಾರೆ. ಅದರಲ್ಲಿ ಎರಡು "ಹೂಂ."

ಇನ್ನು ನೀಲಾ. ಒಬ್ಬಳೇ ಮಗಳು, ಹದಿನೇಳು ವರ್ಷ, ಪಿಯುಸಿ ಎರಡನೇ ವರ್ಷ, ಸೈನ್ಸ್. ಹನ್ನೆರಡು ವರ್ಷದವಳಿದ್ದಾಗ ಅಪ್ಪನ ಅಂಗಡಿಯ ಗುಜರಿ ಸಾಮಾನು ಜೋಡಿಸಿ, ನೀರಿನ ಟಾಕಿ ತುಂಬಿದ ಕೂಡಲೇ ಮೋಟಾರು ತಾನೇ ಬಂದ್ ಆಗುವಂತೆ ಮಾಡಿದ್ದಳು. ಬುದ್ಧಿಗೆ ಕೊರತೆ ಇಲ್ಲ. ಕೊರತೆ ಇರುವುದು ಬಾಯಿಗೆ. ಅಂದರೆ ಬಾಯಿ ಇದೆ, ಅದಕ್ಕೆ ಬಾಗಿಲಿಲ್ಲ. ಹೋದ ವರ್ಷ ನನ್ನ ಅಕ್ಕ ಇಂಡಿಯಿಂದ ಒಂದು ಡಬ್ಬಿ ಶೇಂಗಾ ಹೋಳಿಗೆ ಕಳಿಸಿ, "ಹ್ಯಾಂಗಾಗಿದ್ದುವವ್ವ?" ಎಂದು ಫೋನಿನಲ್ಲಿ ಕೇಳಿದಳು. ಯಾವ ಮನುಷ್ಯರಾದರೂ ಏನು ಹೇಳಬೇಕು? ಇವಳು ಹೇಳಿದ್ದು, "ಗಟ್ಟಿ ಆಗಿದ್ದೂ ದೊಡ್ಡವ್ವ. ಅಪ್ಪಾಜಿ ಇಕ್ಕಳ ಬೇಡಿದ್ರು."

ಅಕ್ಕ ಎರಡು ತಿಂಗಳು ನಮ್ಮ ಫೋನ್ ಎತ್ತಲಿಲ್ಲ.

ನಮ್ಮ ಮನೆಯಲ್ಲಿ ಯಾರ ಫೋನ್ ಬಂದರೂ ಅದು ಮನೆಯೆಲ್ಲ ಒಂದು ಸುತ್ತು ಹಾಕಬೇಕು. "ತಗೊ, ಅತ್ತಿ ಜೋಡಿ ಮಾತಾಡು" ಎಂದು ನಾನು ಕೊಟ್ಟರೆ ನೀಲಾ ಫೋನನ್ನು ಚೇಳು ಹಿಡಿದ ಹಾಗೆ ಹಿಡಿಯುತ್ತಿದ್ದಳು. "ಏನ್ ಮಾತಾಡ್ಲಿ ಅವ್ವ? ಎಲ್ಲಾರೂ ಕೇಳೂದು ಅವ ಹನ್ನೊಂದು ಪ್ರಶ್ನಾ. ನಾ ಎಣಿಸೇನಿ" ಎನ್ನುತ್ತಿದ್ದಳು. ನಾನೂ ಎಣಿಸಿ ನೋಡಿದೆ. ಹನ್ನೆರಡು ಇದ್ದವು. ಆದರೆ ಅದು ಮಾತಲ್ಲ.

ಹೀಗಿರುವಾಗ ಅವಳು ಧಾರವಾಡದ ಒಂದು ಶಿಬಿರಕ್ಕೆ ಆಯ್ಕೆಯಾದಳು. ಕಂಪ್ಯೂಟರಿನದು, ಹದಿನೈದು ದಿನ, ಹಾಸ್ಟೆಲಿನಲ್ಲಿ ಇರಬೇಕು. ಪರೀಕ್ಷೆ ಬರೆದು ಗೆದ್ದಿದ್ದಳು. ತಂದೆ ಅಥವಾ ತಾಯಿ ಸಹಿ ಮಾಡಿದ ಫಾರ್ಮು ಕಳಿಸಿದರೆ ಆಯಿತು. ನನ್ನ ಗಂಡ ಪೆನ್ನು ತೆಗೆದರು. ನಾನು ಪೆನ್ನು ಕಸಿದುಕೊಂಡೆ.

"ದೊಡ್ಡವ್ವನ ಜೋಡಿ ಎರಡು ಮಾತು ನೆಟ್ಟಗ ಆಡಾಕ ಬರಂಗಿಲ್ಲ, ಇಕಿ ಹಾಸ್ಟೆಲ್ದಾಗ ನಾಕ ಮಂದಿ ಜೋಡಿ ಹ್ಯಾಂಗ ಇರ್ತಾಳ?" ಎಂದೆ. "ಒಂದು ತಿಂಗಳು ಟೈಮ್ ಕೊಡ್ತೇನಿ. ಇಂಡಿ, ಮುದ್ದೇಬಿಹಾಳ, ಬಾಗೇವಾಡಿ, ಮೂರೂ ಊರಿಂದ ನಿನ್ನ ಮಾತು ಚಲೋ ಐತಿ ಅಂತ ನನ್ನ ಕಿವಿಗೆ ಬೀಳಬೇಕು. ಆಮ್ಯಾಗ ಸಹಿ."

"ಅದ್ಯಾಕ?" ಎಂದಳು ನೀಲಾ. ಕಣ್ಣಲ್ಲಿ ನೀರಿತ್ತು, ಆದರೆ ಅವಳು ಅದನ್ನು ಸಿಟ್ಟು ಎಂದು ತೋರಿಸಿಕೊಂಡಳು.

"ಯಾಕಂದ್ರ ನಾ ನಿಮ್ಮವ್ವ ಅದೇನಿ. ಹ್ಯಾಂಗ ಮಾತಾಡಬೇಕಂತ ಗೊತ್ತಾಗಲಿಲ್ಲಂದ್ರ ನನ್ನ ನೋಡಿ ಕಲಿ."

ಈ ಕೊನೆಯ ವಾಕ್ಯವನ್ನು ನಾನು ಆಡಬಾರದಿತ್ತು. ಆದರೆ ಅದು ಗೊತ್ತಾಗುವುದಕ್ಕೆ ಒಂದು ತಿಂಗಳು ಬೇಕಾಯಿತು.

ಒಂದು ವಾರ ನೀಲಾ ತನ್ನ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕೂತಳು. ಅಪ್ಪ ಯಾರಿಂದಲೋ ಕೊಡಿಸಿದ ಹಳೆಯ ಲ್ಯಾಪ್‌ಟಾಪಿನ ಮುಂದೆ ಒಬ್ಬಳೇ ಗಟ್ಟಿಯಾಗಿ ಓದುತ್ತಿದ್ದಳು. ನಾನು ಅಭ್ಯಾಸ ಎಂದುಕೊಂಡೆ. ನಾನು ಅಡುಗೆಮನೆಯಲ್ಲಿ ಸ್ಪೀಕರ್ ಹಾಕಿಕೊಂಡು ರೊಟ್ಟಿ ಬಡಿಯುತ್ತ ಮಾತಾಡುವಾಗ ತನ್ನ ಫೋನ್ ತಂದು ಕಟ್ಟೆಯ ಮೇಲೆ ಇಟ್ಟು ಹೋಗುತ್ತಿದ್ದಳು. ಚಾರ್ಜಿಗೆ ಎಂದುಕೊಂಡೆ. ಒಟ್ಟಿನಲ್ಲಿ ಆ ವಾರ ನಾನು ಬಹಳ ಅಂದುಕೊಂಡೆ.

ಎಂಟನೆಯ ದಿನ ನಾದಿನಿಯ ಫೋನ್ ಬಂತು. "ವೈನಿ, ನೀಲಾಗ ಏನ್ ಮಾಡಿದ್ರಿ? ನಿನ್ನಿ ನನ್ನ ಜೋಡಿ ಅರ್ಧಾ ತಾಸು ಮಾತಾಡ್ಯಾಳ. ನನ್ನ ಸೊಂಟದ ನೋವು ಪೂರಾ ಕೇಳಿದ್ಳು."

ಅವಳ ಸೊಂಟದ ನೋವನ್ನು ಪೂರಾ ಕೇಳಿದವರು ಡಾಕ್ಟರರಲ್ಲೂ ಇರಲಿಲ್ಲ. ಮರುದಿನ ಅಕ್ಕ ತಾನಾಗಿ ಫೋನ್ ಮಾಡಿ, "ಮಾದೇವಿ, ನಿನ್ನ ಮಗಳ ಬಾಯಾಗ ಬೆಲ್ಲ ಐತಿ ನೋಡು" ಎಂದಳು. ಬಾಗೇವಾಡಿಯ ಮಾವ ತಮ್ಮ ಪೋಸ್ಟ್ ಆಫೀಸಿಗೆ ಮಳೆನೀರು ನುಗ್ಗಿದ ಕತೆಯನ್ನು ನೀಲಾಳಿಗೆ ಮೊದಲಿನಿಂದ ಕೊನೆಯವರೆಗೆ ಹೇಳಿದರಂತೆ. ಅವಳು ನಡುವೆ ಎಲ್ಲೂ ಫೋನ್ ಇಡಲಿಲ್ಲವಂತೆ. ಮಾವ ಗದ್ಗದಿತರಾಗಿದ್ದರು. ಆ ಕತೆಗೆ ಒಂದು ಕೊನೆ ಇದೆ ಎಂದು ನನಗೆ ಗೊತ್ತಾಗಿದ್ದೇ ಅವತ್ತು.

ನಾನು ಉಬ್ಬಿಹೋದೆ. ಇಂತಹ ಸಮಯದಲ್ಲಿ ಸುಮ್ಮನಿರುವುದು ನನ್ನ ಜಾಯಮಾನವಲ್ಲ. ಸಾಲಿಯ ಸ್ಟಾಫ್ ರೂಮಿನಲ್ಲಿ "ಹದಿಹರೆಯದ ಮಕ್ಕಳನ್ನು ತಿದ್ದುವ ಕ್ರಮ" ಎಂಬ ವಿಷಯದ ಮೇಲೆ ದಿನಾ ಊಟದ ಬಿಡುವಿನಲ್ಲಿ ಉಪನ್ಯಾಸ ಕೊಡತೊಡಗಿದೆ. ಯಾರೂ ಕೇಳಿರಲಿಲ್ಲ. ಪಾಲಕರ ಸಭೆಯಲ್ಲಿ ಎದ್ದು ನಿಂತು, "ಮಕ್ಕಳು ತಾಯಿಯ ಪಡಿಯಚ್ಚು. ನೀವು ತಿದ್ದಿಕೊಂಡರೆ ಅವರು ತಿದ್ದಿಕೊಳ್ಳುತ್ತಾರೆ" ಎಂದೆ. ಜನ ಚಪ್ಪಾಳೆ ತಟ್ಟಿದರು. ನನ್ನ ಗಂಡನಿಗೂ ಹೇಳಿದೆ. ಅವರು "ಹೂಂ" ಎಂದು ಒಂದು ಥರ ನಕ್ಕರು. ಹೊಟ್ಟೆಕಿಚ್ಚು ಎಂದುಕೊಂಡೆ.

ಆದರೆ ಖರೆ ಸುಖ ಬೇರೆಯೇ ಇತ್ತು. ಸಂಜೆ ಹಿಪ್ಪರಗಿಯಿಂದ ಬಸ್ಸು ಹತ್ತಿದ ಕೂಡಲೇ ನಾನೂ ನೀಲಾಳಿಗೆ ಫೋನ್ ಮಾಡತೊಡಗಿದೆ. ಮೊದಲೆಲ್ಲ "ಏನವ್ವ, ಲಗೂ ಹೇಳು" ಎನ್ನುತ್ತಿದ್ದ ಹುಡುಗಿ ಈಗ "ಹೌದೇನವ್ವ? ಆಮ್ಯಾಗ ಏನಾತು?" ಎನ್ನುತ್ತಿದ್ದಳು. ಕಿಟಕಿಯ ಪಕ್ಕ ಕೂತು ಸಿಂದಗಿ ಬರುವವರೆಗೆ ಮಾತಾಡುತ್ತಿದ್ದೆ. ಹೆಡ್ ಮಾಸ್ತರರ ಕಿರಿಕಿರಿ, ಮೊಣಕಾಲು ನೋವು, ಎಲ್ಲ. ಮನೆಗೆ ಬಂದರೆ ಅವಳು ಮೊದಲಿನಂತೆಯೇ ಮುಖ ಗಂಟು ಹಾಕಿ ಕೂತಿರುತ್ತಿದ್ದಳು. ಎದುರಿಗೆ ನಾಚಿಕೆ, ಫೋನಿನಲ್ಲಿ ಪ್ರೀತಿ, ಈ ವಯಸ್ಸೇ ಹಾಗೆ ಎಂದುಕೊಂಡೆ.

ಒಂದು ಸಂಜೆ ಯಾವತ್ತೂ ಯಾರಿಗೂ ಹೇಳದ ಮಾತು ಬಾಯಿಗೆ ಬಂದುಬಿಟ್ಟಿತು. ನನಗೂ ಅವಳ ವಯಸ್ಸಿನಲ್ಲಿ ಧಾರವಾಡಕ್ಕೆ ಹೋಗಿ ಓದಬೇಕೆಂದಿತ್ತು. ನಮ್ಮಪ್ಪ ಬಿಡಲಿಲ್ಲ. ಮೂರು ದಿನ ಊಟ ಬಿಟ್ಟಿದ್ದೆ, ನಾಲ್ಕನೆಯ ದಿನ ಹಸಿವು ತಡೆಯದೆ ತಿಂದುಬಿಟ್ಟೆ. ಅದನ್ನು ಹೇಳುವಾಗ ಪಕ್ಕದ ಸೀಟಿನ ಅಜ್ಜಿ ನನ್ನ ಕೈ ಮೇಲೆ ಕೈ ಇಟ್ಟಳು. ಆ ಕಡೆಯಿಂದ ನೀಲಾ ಮೆತ್ತಗೆ, "ಪಾಪ ಅವ್ವ. ಬಾಳ ತ್ರಾಸ ಆಗಿರಬೇಕು ನಿನಗ" ಎಂದಳು. ಒಂದು ಕ್ಷಣ ಬಿಟ್ಟು, "ಊಟ ಆತೇನು?" ಎಂದಳು.

ಮೂರು ದಿನದ ಉಪವಾಸದ ಕತೆ ಮುಗಿದ ಮೇಲೆ ಊಟ ಆಯಿತೇ ಎಂದು ಕೇಳಿದಳಲ್ಲ, ಎಷ್ಟು ಕಾಳಜಿ ಎಂದುಕೊಂಡು ನಾನು ಕಣ್ಣು ಒರೆಸಿಕೊಂಡೆ.

ತಿಂಗಳು ಮುಗಿಯಿತು. ಸೋಮವಾರ ಸಹಿ ಮಾಡುತ್ತೇನೆಂದು ಫಾರ್ಮನ್ನು ದೇವರ ಮುಂದೆ ಇಟ್ಟೆ. ಅದರ ಹಿಂದಿನ ದಿನ ಐತವಾರ.

ಐತವಾರ ನಮ್ಮ ಮನೆಯಲ್ಲಿ ಅರಿವೆ ಒಗೆಯುವ ದಿನ. ಒಂಬತ್ತಾದರೂ ಬಾಗಿಲಿಗೆ ರಂಗೋಲಿ ಇರಲಿಲ್ಲ, ಒಲೆ ಹೊತ್ತಿರಲಿಲ್ಲ. ರಾತ್ರಿಯ ರೊಟ್ಟಿ ಇದ್ದವು, ಗಂಡ ಅವನ್ನೇ ತಿಂದು ಅಂಗಡಿಗೆ ಹೋಗಿದ್ದರು. ನೀಲಾ ಮೇಲಿನ ಕೋಣೆಯಲ್ಲಿ ಕಿವಿಗೆ ಅದೇನನ್ನೋ ಸಿಕ್ಕಿಸಿಕೊಂಡಿದ್ದಳು. ನಾನು ಎಣ್ಣೆ ಹಚ್ಚಿದ ತಲೆ ಬಿಟ್ಟುಕೊಂಡು, ಸೀರೆ ಎತ್ತಿ ಕಟ್ಟಿ, ಅಂಗಳದ ಕಲ್ಲಿನ ಮೇಲೆ ಅರಿವೆ ಕುಕ್ಕುತ್ತಿದ್ದೆ.

ಆಗ ಆಟೋ ಬಂದು ನಿಂತಿತು. ಇಂಡಿಯ ಅಕ್ಕ ಇಳಿದಳು. ಅವಳ ಹಿಂದೆ ಭಾವ, ಮಗ, ಸೊಸೆ, ಮೊಮ್ಮಕ್ಕಳು.

ಹೇಳದೆ ಕೇಳದೆ, ಮುಂಜಾನೆ ಹೊತ್ತಿನಲ್ಲಿ, ಇಷ್ಟು ಮಂದಿ ಒಟ್ಟಿಗೆ ಬಂದರೆ ನಮ್ಮ ಕಡೆ ಅದಕ್ಕೆ ಒಂದೇ ಅರ್ಥ. ಯಾರೋ ಹೋಗಿದ್ದಾರೆ. ಯಾರು? ಬಳಗದಲ್ಲಿ ಆ ವಯಸ್ಸಿನವರು ಒಬ್ಬರೇ, ಬಾಗೇವಾಡಿಯ ಮಾವ. ಫೋನಿನಲ್ಲಿ ಹೇಳಿದರೆ ನಾನು ತಡೆದುಕೊಳ್ಳಲಾರೆ ಎಂದು, ಕರೆದುಕೊಂಡು ಹೋಗಲು ಅಕ್ಕ ತಾನೇ ಬಂದಿದ್ದಾಳೆ. ಇಷ್ಟೆಲ್ಲ ನನಗೆ ಒಂದೇ ಗಳಿಗೆಯಲ್ಲಿ ಹೊಳೆಯಿತು. ನನ್ನ ಬುದ್ಧಿ ಬಹಳ ಚುರುಕು.

ಓಡಿಹೋಗಿ ಅಕ್ಕನ ಕೊರಳಿಗೆ ಬಿದ್ದು ಅಳತೊಡಗಿದೆ. "ಎಂಥಾ ಹೊತ್ತು ಬಂತ ಯಕ್ಕಾ, ಒಂದು ಮಾತು ಹೇಳದ ಹೋದರಲ್ಲ ಯಕ್ಕಾ" ಎಂದು ಸರಿಯಾದ ಧಾಟಿಯಲ್ಲಿ ಎತ್ತಿಕೊಂಡೆ.

ಅಕ್ಕ ನನ್ನ ಬಿಚ್ಚಿದ ತಲೆ ನೋಡಿದಳು. ರಂಗೋಲಿ ಇಲ್ಲದ ಬಾಗಿಲು ನೋಡಿದಳು. ಮನೆಯಲ್ಲಿ ಗಂಡಸರ ಸುಳಿವಿಲ್ಲ. ನನಗಿಂತ ಎರಡು ಪಟ್ಟು ದೊಡ್ಡ ದನಿಯಲ್ಲಿ ಅವಳೂ ಸುರು ಮಾಡಿದಳು. ಯಾರು ಹೋದರು ಎಂದು ಅವಳು ಕೇಳಲಿಲ್ಲ, ನಾನೂ ಕೇಳಲಿಲ್ಲ. ಕೊರಳಿಗೆ ಬಿದ್ದು ಅಳುವಾಗ ವಿವರ ಕೇಳುವುದು ಪದ್ಧತಿಯಲ್ಲ. ಹೀಗೆ ಇಬ್ಬರೂ ಒಬ್ಬರಿಗೊಬ್ಬರು ಸಮಾಧಾನ ಹೇಳುತ್ತ ಕಾಲು ತಾಸು ಮನಃಪೂರ್ವಕವಾಗಿ ಅತ್ತೆವು.

ಅಷ್ಟರಲ್ಲಿ ಗಂಡ, ಮಕ್ಕಳ ಸಮೇತ ಮುದ್ದೇಬಿಹಾಳದ ನಾದಿನಿಯ ಆಟೋ ಬಂತು. ನಾವು ಅಳುವುದನ್ನು ನೋಡಿದ ಅವಳು ಎರಡನೆಯ ಯೋಚನೆಗೆ ಹೋಗಲೇ ಇಲ್ಲ. "ಅಣ್ಣಾ, ನನ್ನ ಬಿಟ್ಟ ಹ್ಯಾಂಗ ಹೋದಿ" ಎಂದು ಹೊಸ್ತಿಲ ಮೇಲೆ ಕುಸಿದಳು. ಅವಳಿಗೆ ಇರುವುದು ಒಬ್ಬನೇ ಅಣ್ಣ, ನನ್ನ ಗಂಡ. ಇವಳಿಗೆ ಮಾವ ಯಾವಾಗ ಅಣ್ಣ ಆದರು ಎಂದು ನನಗೆ ಒಂದು ಸಂಶಯ ಬಂತು. ದುಃಖದಲ್ಲಿ ಬಾಯಿ ತಪ್ಪುತ್ತದೆ ಎಂದು ಬಿಟ್ಟುಕೊಟ್ಟೆ.

ಓಣಿಯೆಲ್ಲ ಕೂಡಿತು. ಎದುರು ಮನೆಯ ಕಾಶಿಬಾಯಿ ಇಂಥದ್ದರಲ್ಲಿ ಬಹಳ ಅಚ್ಚುಕಟ್ಟು. ಸತ್ತ ಮನೆಯಲ್ಲಿ ಒಲೆ ಹೊತ್ತಿಸುವುದಿಲ್ಲ, ಸುತ್ತಲಿನವರೇ ಅನ್ನ ನೀರು ನೋಡಬೇಕು. ಅವಳು ನಾಲ್ಕು ಮನೆಗೆ ಹೇಳಿಕಳಿಸಿ ಉಪ್ಪಿಟ್ಟು ಹಚ್ಚಿಸಿದಳು, ನನ್ನ ಗಂಡನಿಗೆ ಫೋನ್ ಮಾಡಿ "ಇದ್ದಂಗ ಬರ್ರಿ" ಎಂದಳು.

ಮೂರನೆಯ ಆಟೋದಿಂದ ಒಂದು ಕೋಲು ಹೊರಬಂತು. ಕೋಲಿನ ಹಿಂದೆ ತಲೆಗೆ ಪಟಗಾ ಸುತ್ತಿಕೊಂಡ ಬಾಗೇವಾಡಿಯ ಮಾವ, ಅವರ ಹಿಂದೆ ಅವರ ಮನೆಮಂದಿ ಇಳಿದರು.

ನಾನು ಯಾರಿಗಾಗಿ ಅಳುತ್ತಿದ್ದೆನೋ ಅವರೇ ಆಟೋದವನಿಗೆ "ನೆಟ್ಟಗ ನಿಂದ್ರಸೋ" ಎಂದು ಬಯ್ಯುತ್ತಿದ್ದರು! ನನ್ನ ಅಳು ಅರ್ಧಕ್ಕೇ ನಿಂತಿತು. ಬಾಯಿ ಮಾತ್ರ ತೆರೆದೇ ಇತ್ತು. ಮಾವ ಬಂದು ನನ್ನ ತಲೆ ಮೇಲೆ ಕೈ ಇಟ್ಟು, "ಅಳಬ್ಯಾಡ ಮಗಳ. ಯಾರು ಹೋಗ್ಯಾರ?" ಎಂದರು.

ನಾನು ಅಕ್ಕನ ಮುಖ ನೋಡಿದೆ. ಅಕ್ಕ ನಾದಿನಿಯ ಮುಖ ನೋಡಿದಳು. ಆಗಲೇ ನನ್ನ ಗಂಡ ಬೈಕಿನಲ್ಲಿ ಬಂದರು. ಅವರನ್ನು ಕಂಡು ನಾದಿನಿ ಎದ್ದು ಎರಡು ಹೆಜ್ಜೆ ಹಿಂದೆ ಸರಿದಳು.

"ಮತ್ತ ಯಾರೂ ಸತ್ತಿಲ್ಲಂದ್ರ ಎಲ್ಲಾರೂ ಯಾಕ ಬಂದೀರಿ?" ಎಂದು ಕೇಳಿದೆ.

ಮನೆಗೆ ಬಂದ ಬೀಗರು ಬಿಜ್ಜರಿಗೆ ಕೇಳಬಾರದ ಪ್ರಶ್ನೆ ಎಂದು ಲೋಕದಲ್ಲಿ ಒಂದಿದ್ದರೆ ಅದು ಇದೇ. ಅಕ್ಕನ ಕಣ್ಣೀರು ಅಲ್ಲೇ ಆರಿತು. "ಯಾಕ ಬಂದೀರಿ ಅಂತೀಯೇನ? ನಿನ್ನ ಮಗಳು ಮೂರು ಸಲ ಕರದಾಳ. ಬರೂಣಂತ ತಗೋ ಅಂದ್ರ ಕೇಳವಲ್ಲಳು. ಹಂಗನಬ್ಯಾಡ್ರಿ ದೊಡ್ಡವ್ವ, ಐತವಾರ ಮುಂಜಾನಿ ಬರ್ರಿ, ಎಲ್ಲಾರೂ ಬರ್ರಿ, ಅವ್ವ ಹೋಳಿಗಿ ಮಾಡ್ತಾಳ ಅಂದ್ಳು. ನಿನ್ನಿ ಫೋನಿನ್ಯಾಗ ನೀನೂ ಬರ್ರಿ ಮತ್ತ ಅಂದಿ, ಬರ್ತೇವಿ ಅಂದ್ವೆಲ್ಲ."

"ನನಗೂ ಐತವಾರನ ಅಂದ್ಳು ವೈನಿ" ಎಂದಳು ನಾದಿನಿ.

"ನನಗೂ" ಎಂದರು ಮಾವ. "ಎರಡು ಥರದ ಹೋಳಿಗಿ ಅಂದಿದ್ಳು."

ಕಾಶಿಬಾಯಿ ಉಪ್ಪಿಟ್ಟಿನ ಪಾತ್ರೆ ಹಿಡಿದು ಬಾಗಿಲಲ್ಲೇ ನಿಂತಿದ್ದಳು. "ಸತ್ತಾರಂತ ಮಾಡಿದ್ದು. ಇರ್ಲಿ, ಆರೂದರಾಗ ತಿನ್ರಿ" ಎಂದು ಇಟ್ಟು ಹೋದಳು. ನನ್ನ ಮನೆಗೆ ಬಂದ ಹತ್ತೊಂಬತ್ತು ಮಂದಿ ಯಾರದೋ ಸಾವಿನ ಉಪ್ಪಿಟ್ಟು ತಿನ್ನುತ್ತ ಕೂತರು. ಚೆನ್ನಾಗಿತ್ತು ಎಂದು ಎಲ್ಲರೂ ಹೇಳಿದರು.

ನೀಲಾಳನ್ನು ಕೂಗಿ ಕರೆದೆ. ಕಿವಿಯಿಂದ ಆ ಸಾಮಾನು ತೆಗೆಯುತ್ತ ಮೆಟ್ಟಿಲಿಳಿದು ಬಂದವಳು ಪಡಸಾಲೆಯನ್ನು ನೋಡಿ ಅಲ್ಲೇ ನಿಂತಳು.

"ಇವರನ್ನೆಲ್ಲಾ ಊಟಕ್ಕ ಕರದಿಯೇನ ನೀನು?"

"ನಾ ಕರದಿಲ್ಲ" ಎಂದಳು. ಆಮೇಲೆ ದನಿ ಇಳಿಸಿ, "ಅದು ಕರದಿರಬೇಕು" ಎಂದಳು.

"ಅದು ಅಂದ್ರ?"

ಅವಳು ಮೇಲೆ ಹೋಗಿ ಲ್ಯಾಪ್‌ಟಾಪ್ ತಂದು ಟೀಪಾಯಿಯ ಮೇಲೆ ಇಟ್ಟಳು. ವಿಷಯ ಇಷ್ಟು. ನನ್ನ ಮಗಳು ತನ್ನದೇ ಒಂದು ಪ್ರತಿಯನ್ನು ಕಂಪ್ಯೂಟರಿನಲ್ಲಿ ತಯಾರಿಸಿದ್ದಳು. ಒಂದು ವಾರ ಗಟ್ಟಿಯಾಗಿ ಓದಿ ಅದಕ್ಕೆ ತನ್ನ ದನಿ ಕಲಿಸಿ, ಮೂರೂ ಊರಿಗೆ ತನ್ನ ನಂಬರು ಕೊಟ್ಟಿದ್ದಳು. ಅವಳ ನಂಬರಿಗೆ ಯಾರು ಫೋನ್ ಮಾಡಿದರೂ ಅದೇ ಎತ್ತಿ, ದನಿಯ ಮೇಲೆ ಇಂಥವರೆಂದು ಗುರುತು ಹಿಡಿದು, ಮಾತಾಡಿ, ಇಡುತ್ತಿತ್ತು. ಮೂರು ವಾರ ಮೂರೂ ಊರು ಹೊಗಳಿದ ಬೆಲ್ಲದ ಬಾಯಿ ಈ ಡಬ್ಬಿಯದು.

"ದನಿ ನಂದು. ಮಾತು ಅವ್ವಂದು" ಎಂದಳು ನೀಲಾ. "ನನ್ನ ನೋಡಿ ಕಲಿ ಅಂದಿದ್ಳು. ಅದಕ್ಕ ಅವ್ವ ಫೋನಿನ್ಯಾಗ ಮಾತಾಡೂದೆಲ್ಲಾ ಹಿಡದು ಇದಕ್ಕ ಕಲಸೇನಿ. ಕೇಳಿದ್ದಕ್ಕ ಇಲ್ಲ ಅನಬ್ಯಾಡ, ಯಾರಿಗೂ ನಿರಾಸಿ ಮಾಡಬ್ಯಾಡ ಅಂತ ಹೇಳಿದ್ದೆ. ಎಂದ ಬರೂಣು ಅಂತ ಯಾರರ ಕೇಳಿದ್ರ ಒಂದು ದಿನ ಹೇಳಬೇಕಲ್ಲ. ಅದು ಐತವಾರ ಅಂದೈತಿ."

ಹೌದು, ಅದಕ್ಕೆ ಎಲ್ಲ ಗೊತ್ತಿತ್ತು. ನಮ್ಮ ಕಡೆ "ಬರ್ರಿ" ಎಂದರೆ ಬರಬೇಡಿ ಎಂದು ಮಾತ್ರ ಯಾರೂ ಅದಕ್ಕೆ ಹೇಳಿರಲಿಲ್ಲ.

"ನಿಮಗ ಗೊತ್ತಿತ್ತೇನು?" ಎಂದು ಗಂಡನ ಕಡೆ ತಿರುಗಿದೆ.

"ಹೂಂ" ಎಂದರು.

ನನಗೆ ಸಿಟ್ಟು ನೆತ್ತಿಗೇರಿತು. ಆದರೆ ಬಂದವರಿಗೆ ಸಿಟ್ಟು ಬರುವ ಬದಲು ಮೋಜು ಹತ್ತಿತು. ಎಲ್ಲರೂ ಲ್ಯಾಪ್‌ಟಾಪಿನ ಸುತ್ತ ಕೂತರು. ನಾದಿನಿ ಬಗ್ಗಿ, "ಏನವ್ವ ನೀಲಾ, ಆರಾಮಿದ್ದೀಯೇನು?" ಎಂದಳು. "ಅಯ್ಯ, ಅತ್ತೀ, ನಿಮ್ಮ ದನಿ ಕೇಳಿದ ಕೂಡಲೇ ಹೊಟ್ಟಿ ತುಂಬಿತ್ರಿ" ಎಂದಿತು ಡಬ್ಬಿ. ಪಡಸಾಲೆ ಗೊಳ್ಳೆಂದಿತು. ಅದು ನನ್ನ ಮಾತು. ಇಪ್ಪತ್ತು ವರ್ಷದಿಂದ ನಾದಿನಿಗೆ ನಾನು ಹೇಳುತ್ತ ಬಂದ ಮಾತು.

ನಾದಿನಿಗೆ ಹುರುಪು ಬಂತು. "ನಿಮ್ಮ ಇಂಡಿ ದೊಡ್ಡವ್ವನ ಹೋಳಿಗಿ ಹ್ಯಾಂಗಿರ್ತಾವ?" ಎಂದು ಚೇಷ್ಟೆಗೆ ಕೇಳಿದಳು. ಅಂಥ ಪ್ರಶ್ನೆಗೆ ನಾನು ನಾದಿನಿಗೆ ಏನು ಹೇಳುತ್ತಿದ್ದೆನೋ ಅದನ್ನೇ ಅದು ಹೇಳಿತು: "ಏನ್ ಹೇಳ್ಲಿ ಅತ್ತೀ. ಮಾಳಗಿ ಸೋರಿದ್ರ ಮ್ಯಾಲ ಹೊಚ್ಚಾಕ ಬರ್ತಾವು."

ನಗು ಅರ್ಧಕ್ಕೆ ನಿಂತಿತು. ಅಕ್ಕ ನನ್ನನ್ನು ನೋಡಿದಳು. ಆಮೇಲೆ ಬಹಳ ಶಾಂತಳಾಗಿ ಡಬ್ಬಿಯ ಕಡೆ ಬಗ್ಗಿ, "ಹೌದೇನವ್ವ? ಮತ್ತ ನಿಮ್ಮ ಮುದ್ದೇಬಿಹಾಳ ಅತ್ತಿ ಬಗ್ಗೆ ಹೇಳು ನೋಡೂಣು" ಎಂದಳು.

"ಆಕಿ ಬರೂಮುಂದ ಖಾಲಿ ಚೀಲ ತರ್ತಾಳ ದೊಡ್ಡವ್ವ, ಹೋಗೂಮುಂದ ನಮ್ಮ ಡಬ್ಬಿ ಖಾಲಿ ಆಗಿರ್ತಾವು."

ನಾನು ಹಾರಿಹೋಗಿ ಪ್ಲಗ್ ಕಿತ್ತೆ. ಲ್ಯಾಪ್‌ಟಾಪ್ ಆರಲಿಲ್ಲ. ಅದರೊಳಗೆ ಬ್ಯಾಟರಿ ಇರುತ್ತದೆ ಎಂಬ ವಿಷಯ ಅಂಥ ಹೊತ್ತಿನಲ್ಲಿ ಹೇಗೆ ನೆನಪಾಗಬೇಕು? ಮಾವ ಕೋಲೂರಿಕೊಂಡು ಮುಂದೆ ಸರಿದು, "ನನ್ನ ಬಗ್ಗೆ ಏನಂತೈತಿ ಕೇಳ್ರಿ" ಎಂದು ಮಗುವಿನ ಹಾಗೆ ಆಸೆಪಟ್ಟರು. ಮಾವನ ಬಗ್ಗೆ ನಾನು ಅಕ್ಕನಿಗೂ ನಾದಿನಿಗೂ ಏನೇನು ಹೇಳಿದ್ದೇನೆ ಎಂದು ನನಗೆ ಒಂದೊಂದಾಗಿ ನೆನಪಾಯಿತು. ಇಪ್ಪತ್ತು ವರ್ಷ ಹೊಲಿದಿಟ್ಟ ಬಳಗ ಇನ್ನೊಂದು ವಾಕ್ಯಕ್ಕೆ ಹರಿಯುತ್ತಿತ್ತು.

ನೀಲಾ ಬಂದು ಲ್ಯಾಪ್‌ಟಾಪಿನ ಮುಚ್ಚಳ ಹಾಕಿದಳು.

"ಮುತ್ಯಾ, ಇದನ್ನ ಕೇಳಿ ಉಪಯೋಗಿಲ್ರಿ. ಇದಕ್ಕ ಉತ್ತರ ಗೊತ್ತಿಲ್ಲಂದ್ರ ತಾನ ಕಟ್ಟಿ ಹೇಳ್ತೈತಿ" ಎಂದಳು. ಆಮೇಲೆ ಅಕ್ಕನ ಕಾಲ ಬಳಿ ಕೂತು, "ದೊಡ್ಡವ್ವ, ಅವ್ವ ಹಂಗ ಎಂದೂ ಅಂದಿಲ್ರಿ. ನಿಮ್ಮ ಹೋಳಿಗಿ ಬಂದ್ರ ಯಾರಿಗೂ ಕೊಡದ ಡಬ್ಬಿ ಮುಚ್ಚಿ ಇಡ್ತಾಳ. ಬೇಕಾರ ಅಪ್ಪಾಜಿನ್ನ ಕೇಳ್ರಿ. ಅತ್ತಿ ಬಂದು ಹೋದ ದಿನ ಮನಿ ಬಣಬಣ ಅಂತೈತಿ ಅಂತ ಊಟಾ ಮಾಡಂಗಿಲ್ಲ" ಎಂದಳು.

ಡಬ್ಬಿ ಮುಚ್ಚಿ ಇಡುವುದು ನಿಜ. ಯಾರಾದರೂ ಕಡಿದು ಹಲ್ಲು ಕಳೆದುಕೊಂಡಾರೆಂದು ಇಡುತ್ತೇನೆ. ಅದನ್ನು ಅವಳು ಹೇಳಲಿಲ್ಲ. ನಾದಿನಿಯ ವಿಷಯ ಪೂರಾ ಸುಳ್ಳು. ಹೋದ ವರ್ಷ ಹೋಳಿಗೆ ಗಟ್ಟಿ ಎಂದು ಮುಖಕ್ಕೆ ಹೇಳಿದ ಹುಡುಗಿ ಇವಳೇನಾ ಎಂದು ನಾನು ಬೆರಗಾಗಿ ನೋಡುತ್ತ ನಿಂತೆ. ಅಕ್ಕ ಮೂಗು ಒರೆಸಿಕೊಂಡು, "ಹಾಳ ಯಂತ್ರ. ನನಗ ಮೊದಲ ಗೊತ್ತಿತ್ತು" ಎಂದಳು. ನನ್ನ ಗಂಡ "ಹೂಂ" ಎಂದು ಸಾಕ್ಷಿ ಹೇಳಿದರು.

ನಾಲ್ಕು ಗಂಟೆಗೆ ಎಲ್ಲರೂ ಹೋದರು. ಅಷ್ಟರಲ್ಲಿ ನಾನೂ ಅಕ್ಕನೂ ಸೇರಿ ಹೋಳಿಗೆ ಮಾಡಿದ್ದೆವು. ನಾನು ಮಾಡಿದವೂ ಗಟ್ಟಿಯಾಗಿದ್ದವು. ಯಾರೂ ಏನೂ ಅನ್ನಲಿಲ್ಲ.

ಬಸ್ ಸ್ಟ್ಯಾಂಡಿನಿಂದ ಬಂದು ನೋಡಿದರೆ ನೀಲಾ ಅಂಗಳದಲ್ಲಿ ನನ್ನ ಅರ್ಧ ಒಗೆದ ಅರಿವೆ ಹಿಂಡುತ್ತಿದ್ದಳು. ನನ್ನನ್ನು ನೋಡದೆಯೇ, "ಸಹಿ ಬ್ಯಾಡ ಬಿಡವ್ವ. ಶರತ್ತಿನ್ಯಾಗ ನಾ ಮೋಸ ಮಾಡೇನಿ" ಎಂದಳು.

ನಾನು ಒಳಗೆ ಹೋಗಿ ಫಾರ್ಮು ತಂದು, ಕಟ್ಟೆಯ ಮೇಲೆ ಇಟ್ಟು ಸಹಿ ಮಾಡಿದೆ. "ಇವತ್ತು ಮಂದಿ ಮುಂದ ನೀ ಆಡಿದ ಮಾತು ಯಂತ್ರಕ್ಕ ಬರಂಗಿಲ್ಲ. ಹೋಗಿ ಬಾ" ಎಂದೆ. ಅವಳು ಕೈ ಒರೆಸಿಕೊಂಡು ಫಾರ್ಮು ತೆಗೆದುಕೊಂಡಳು. ಮುಖದ ಗಂಟು ಬಿಚ್ಚಿತು.

ನನಗೆ ಮಾತ್ರ ಒಂದು ಮುಳ್ಳು ಒಳಗೇ ಇತ್ತು. ಕೇಳಲೋ ಬೇಡವೋ ಎಂದು ಎರಡು ಸೀರೆ ಹಿಂಡುವವರೆಗೆ ತಡೆದೆ.

"ಬಸ್ಸಿನ್ಯಾಗಿಂದ ನಾ ಮಾತಾಡ್ತಿದ್ದೆನಲ್ಲ. ಧಾರವಾಡದ ಮಾತು ಹೇಳಿದ್ದೆ. ಅವತ್ತ ಯಾರ ಇದ್ರು?"

"ಅದ ಇತ್ತು."

"ದಿನಾ ಅದ ಇತ್ತೇನು?"

ನೀಲಾ ಹಿಂಡಿದ ಸೀರೆಯನ್ನು ಝಾಡಿಸಿ ಹಗ್ಗಕ್ಕೆ ಹಾಕಿದಳು. "ಒಂದು ದಿವಸ ನಾನ ಎತ್ತಿದ್ದೆ. ನೀ ಏನೇನ್ ಮಾತಾಡ್ತಿ ಅಂತ ಅದು ಬರದು ಇಡ್ತಿತ್ತು. ಧಾರವಾಡದ್ದು ಓದಿದೆ. ಭಾಳ ಕೆಟ್ಟ ಅನಿಸ್ತು. ಮರುದಿವಸ ಯಂತ್ರ ಬಂದ್ ಮಾಡಿ ನಾನ ಫೋನ್ ಎತ್ತಿ, ಅವ್ವ, ನೀ ಅಜ್ಜಗ ಎದುರ ಯಾಕ ಮಾತಾಡಲಿಲ್ಲ, ನನಗ ಯಾಕ ಮೊದಲ ಹೇಳಲಿಲ್ಲ ಅಂತ ಕೇಳಿದೆ. ನೀ ಏನಂದಿ, ನ್ಯಪ್ಪೈತೇನು?"

ನೆನಪಾಯಿತು. ಅಂದು ಬಸ್ಸಿನಲ್ಲಿ ನಾನು, "ಇವತ್ತ ಯಾಕೋ ನಿನ್ನ ದನಿ ನೆಟ್ಟಗಿಲ್ಲ, ಒರಟ ಮಾತಾಡಾಕತ್ತಿ. ಫೋನ್ ಇಟ್ಟು ಮಲಕೊ" ಎಂದಿದ್ದೆ.

ಒಂದು ತಿಂಗಳಲ್ಲಿ ಹೆತ್ತ ಮಗಳು ತಾನಾಗಿ ನನ್ನ ಜೊತೆ ಮಾತಾಡಿದ್ದು ಅದೊಂದೇ ದಿನ. ಅವತ್ತು ಮನೆಗೆ ಬಂದವಳೇ ನಾನು ಅವಳ ಹಣೆ ಮುಟ್ಟಿ ನೋಡಿ, ಜ್ವರದ ಗುಳಿಗೆ ನುಂಗಿಸಿದ್ದೆ!